ರಾಜೀನಾಮೆ ಪತ್ರ ಕೊಡುವ ವಾರದಲ್ಲೇ ಆರೋಗ್ಯ ವಿಮೆ ಮಾಡಿಸಿ

ಒಂದು ಕೆಲಸ ಬಿಟ್ಟು ಇನ್ನೊಂದು ಹಿಡಿಯುವ ಮಧ್ಯೆ ಒಂದೆರಡು ತಿಂಗಳು ಖಾಲಿ ಇರುತ್ತದೆ ಅಂತ ಗೊತ್ತಾದಾಗ ಎಲ್ಲರೂ ಮೊದಲು ಹಾಕುವ ಲೆಕ್ಕ ಇಎಂಐದು. ಆಮೇಲೆ ಮಕ್ಕಳ ಶಾಲೆ ಫೀ. ಆರೋಗ್ಯ ವಿಮೆ ನೆನಪಾಗುವುದು ಕೊನೆಗೆ, ಅದೂ ಯಾರಾದರೂ ಕೇಳಿದರೆ. ಕಂಪನಿ ಕೊಟ್ಟ ಗ್ರೂಪ್ ಪಾಲಿಸಿ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ. ಲ್ಯಾಪ್‌ಟಾಪ್, ಐಡಿ ಕಾರ್ಡ್ ವಾಪಸ್ ಕೊಟ್ಟ ಸಂಜೆಯಿಂದ ಆ ವಿಮೆಯ ಇ-ಕಾರ್ಡ್ ಫೋನ್‌ನಲ್ಲಿ ಒಂದು ಚಿತ್ರ ಅಷ್ಟೇ.

ನಮ್ಮ ಮನೆಯಲ್ಲಿ ಇದು ಸ್ವಲ್ಪ ದೊಡ್ಡ ವಿಷಯವೇ ಆಗಿತ್ತು. ಹುಬ್ಬಳ್ಳಿಯಲ್ಲಿ ನಮ್ಮೆಜಮಾನ್ರದು ಸಣ್ಣ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ, ಸಂಬಳದ ಕೆಲಸ ಇರುವುದು ನನಗೆ ಮಾತ್ರ. ಹಾಗಾಗಿ ಇಡೀ ಮನೆ ನನ್ನ ಕಂಪನಿ ಪಾಲಿಸಿಯ ಕೆಳಗೇ ಇತ್ತು. ನಾನು, ಅವರು, ಮಗ, ಅತ್ತೆ, ಮಾವ. ಬಹಳ ಕಂಪನಿಗಳಲ್ಲಿ ಅಪ್ಪ-ಅವ್ವ ಅಥವಾ ಅತ್ತೆ-ಮಾವ, ಒಂದು ಜೋಡಿಯನ್ನಷ್ಟೇ ಸೇರಿಸಲು ಬಿಡುತ್ತಾರೆ. ಅತ್ತೆಗೆ ಸಕ್ಕರೆ ಕಾಯಿಲೆ ಮತ್ತು ಬಿಪಿ ಇರುವುದರಿಂದ ಅವರನ್ನು ಹಾಕಿಸಿದ್ದೆ.

ನಾನು ಕೆಲಸ ಬಿಡುತ್ತೇನೆ, ಇನ್ನೊಂದು ಕಡೆ ಸೇರುವುದು ಸ್ವಲ್ಪ ತಡ ಆಗುತ್ತದೆ ಅಂದಾಗ ಮನೆಯಲ್ಲಿ ಬಂದ ಮೊದಲ ಮಾತು, "ಎರಡು ತಿಂಗಳ ಸಲುವಾಗಿ ಅಷ್ಟು ರೊಕ್ಕ ಯಾಕ ಹಾಕೂದು? ಹೊಸಾ ಕಂಪನ್ಯಾಗ ಕೊಡ್ತಾರಲ್ಲ." ಕೇಳಿದರೆ ಸರಿ ಅನಿಸುತ್ತದೆ. ಆದರೆ ಇದರಲ್ಲಿ ಒಂದು ತಿರುವು ಇದೆ. ಕೆಲಸ ಬಿಟ್ಟ ಮರುದಿನ ಹೋಗಿ ಹೊಸ ಪಾಲಿಸಿ ತೆಗೆದುಕೊಂಡರೆ ಮೊದಲ 30 ದಿನ ಅದು ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಹಣ ಕೊಡುವುದಿಲ್ಲ. ಡೆಂಗಿ ಬಂದರೂ ಇಲ್ಲ, ಅಪೆಂಡಿಕ್ಸ್ ಆದರೂ ಇಲ್ಲ. ಅಂದರೆ ಖಾಲಿ ಇರುವ ಎರಡು ತಿಂಗಳಿಗೆ ಅಂತ ತೆಗೆದುಕೊಂಡ ಪಾಲಿಸಿ ಅದರಲ್ಲಿ ಒಂದು ತಿಂಗಳು ಕೆಲಸಕ್ಕೇ ಬರುವುದಿಲ್ಲ! ಇದನ್ನು ಯಾವ ಜಾಹೀರಾತಿನಲ್ಲೂ ದೊಡ್ಡ ಅಕ್ಷರದಲ್ಲಿ ಹಾಕುವುದಿಲ್ಲ.

ಅದಕ್ಕೇ ನಾನು ಹೇಳುವುದು, ಪಾಲಿಸಿ ಮಾಡಿಸುವ ಸಮಯ ಕೊನೆಯ ದಿನ ಅಲ್ಲ, ರಾಜೀನಾಮೆ ಕೊಡುವ ವಾರ. ನನ್ನದು ಎರಡು ತಿಂಗಳ ನೋಟಿಸ್ ಪೀರಿಯಡ್. ಆ ಅವಧಿಯಲ್ಲಿ ಕಂಪನಿ ಪಾಲಿಸಿ ಇನ್ನೂ ಜೀವಂತ ಇರುತ್ತದೆ. ಹೊಸದರ 30 ದಿನ ಅದರ ನೆರಳಲ್ಲೇ ಕಳೆದುಹೋಗುತ್ತವೆ. ಹಳೆಯದು ಮುಗಿಯುವ ದಿನಕ್ಕೆ ಹೊಸದು ಪೂರ್ತಿ ತಯಾರಾಗಿರುತ್ತದೆ. ಎರಡೂ ಪಾಲಿಸಿ ಒಟ್ಟಿಗೆ ಇರಬಾರದು ಅಂತ ಎಲ್ಲೂ ನಿಯಮ ಇಲ್ಲ.

ಇನ್ನು ಕಾಯುವ ಅವಧಿಗಳ ವಿಷಯ. ಬಹಳ ಜನ 5 ಲಕ್ಷವೋ 10 ಲಕ್ಷವೋ ಅಂತ ತಲೆ ಕೆಡಿಸಿಕೊಳ್ಳುತ್ತಾರೆ, ಪ್ರೀಮಿಯಂ ಐನೂರು ರೂಪಾಯಿ ಎಲ್ಲಿ ಕಮ್ಮಿ ಅಂತ ಹುಡುಕುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ವೇಟಿಂಗ್ ಪೀರಿಯಡ್. ಮೊದಲ 30 ದಿನ ಒಂದು. ಕಣ್ಣಿನ ಪೊರೆ, ಹರ್ನಿಯಾ, ಕಿಡ್ನಿ ಕಲ್ಲು, ಮೊಣಕಾಲು ಬದಲಿಸುವ ಆಪರೇಷನ್, ಇಂಥವುಗಳಿಗೆ ಬಹಳಷ್ಟು ಪಾಲಿಸಿಗಳಲ್ಲಿ 2 ವರ್ಷ ಇನ್ನೊಂದು. ಪಾಲಿಸಿ ಮಾಡಿಸುವ ಮೊದಲೇ ಇದ್ದ ಕಾಯಿಲೆಗಳಿಗೆ ಮೂರನೆಯದು. ಈ ಮೂರನೆಯದು ಮೊದಲು 48 ತಿಂಗಳವರೆಗೂ ಇರಬಹುದಿತ್ತು. 2024ರ ಏಪ್ರಿಲ್‌ನಿಂದ 36 ತಿಂಗಳಿಗಿಂತ ಜಾಸ್ತಿ ಇಡುವಂತಿಲ್ಲ ಅಂತ ವಿಮೆ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಮಾಡಿದೆ. ಕಂಪನಿ ಪಾಲಿಸಿಯಲ್ಲಿ ಸಾಮಾನ್ಯವಾಗಿ ಇವು ಯಾವುವೂ ಇರುವುದಿಲ್ಲ, ಸೇರಿದ ದಿನದಿಂದಲೇ ಎಲ್ಲಾ ಸಿಗುತ್ತದೆ. ಅದಕ್ಕೇ ಅದು ಹೋಗುವವರೆಗೂ ಅದರ ಬೆಲೆ ಗೊತ್ತಾಗುವುದಿಲ್ಲ.

ಕವರ್ ಮೊತ್ತವನ್ನು ಬೇಕಾದರೆ ಮುಂದಿನ ವರ್ಷ ಜಾಸ್ತಿ ಮಾಡಿಸಬಹುದು. ಕಳೆದುಹೋದ ವರ್ಷಗಳನ್ನು ವಾಪಸ್ ತರಲು ಆಗುವುದಿಲ್ಲ. ಮೂವತ್ತೈದರಲ್ಲಿ ಒಂದು ಸಣ್ಣ ಪಾಲಿಸಿ ಶುರು ಮಾಡಿದವರು ನಲವತ್ತರ ಹೊತ್ತಿಗೆ ಎಲ್ಲಾ ಕಾಯುವ ಅವಧಿ ದಾಟಿರುತ್ತಾರೆ. ಕಂಪನಿಯಿಂದ ಕಂಪನಿಗೆ ಹಾರುತ್ತಾ ಸ್ವಂತದ್ದು ಮಾಡಿಸದೇ ಇದ್ದವರು ಐವತ್ತರಲ್ಲಿ, ಬಿಪಿ ಮಾತ್ರೆ ಶುರುವಾದ ಮೇಲೆ, ಸೊನ್ನೆಯಿಂದ ಶುರು ಮಾಡುತ್ತಾರೆ.

ಅತ್ತೆಯ ವಿಷಯ ಮಾತ್ರ ಬೇರೆ ದಾರಿ ಹಿಡಿಯಬೇಕಾಯಿತು. ಅವರಿಗೆ ಹೊಸ ಪಾಲಿಸಿ ಅಂದರೆ ಸಕ್ಕರೆ ಕಾಯಿಲೆಗೆ ಸಂಬಂಧಿಸಿದ್ದಕ್ಕೆಲ್ಲಾ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಆದರೆ ಗ್ರೂಪ್ ಪಾಲಿಸಿಯಿಂದ ಹೊರಗೆ ಬರುವವರು ಅದೇ ಇನ್ಶೂರೆನ್ಸ್ ಕಂಪನಿಯ ವೈಯಕ್ತಿಕ ಪಾಲಿಸಿಗೆ ಹೋಗಬಹುದು, ಇದಕ್ಕೆ ಮೈಗ್ರೇಷನ್ ಅನ್ನುತ್ತಾರೆ. ಗ್ರೂಪ್‌ನಲ್ಲಿ ಕಳೆದ ವರ್ಷಗಳನ್ನು ಕಾಯುವ ಅವಧಿಯಿಂದ ಕಳೆಯುತ್ತಾರೆ. ಅತ್ತೆ ನನ್ನ ಪಾಲಿಸಿಯಲ್ಲಿ ವರ್ಷಗಟ್ಟಲೆ ಇದ್ದರಲ್ಲ, ಆ ವರ್ಷಗಳು ಲೆಕ್ಕಕ್ಕೆ ಬಂದವು. ಒಂದು ಮಿತಿ ಇದೆ. ಗ್ರೂಪ್‌ನಲ್ಲಿ ಎಷ್ಟು ಲಕ್ಷದ ಕವರ್ ಇತ್ತೋ ಅಷ್ಟಕ್ಕೆ ಮಾತ್ರ ಈ ಲಾಭ. ಅಲ್ಲಿ 3 ಲಕ್ಷ ಇದ್ದು ಇಲ್ಲಿ 10 ಲಕ್ಷದ್ದು ತೆಗೆದುಕೊಂಡರೆ ಮೇಲಿನ 7 ಲಕ್ಷಕ್ಕೆ ಕಾಯುವುದು ಹೊಸದಾಗಿ ಶುರು.

ಇದು ತಾನಾಗಿಯೇ ಆಗುವ ಕೆಲಸ ಅಲ್ಲ. ಕೇಳಬೇಕು, ಬರೆಯಬೇಕು, ಹಿಂದೆ ಬೀಳಬೇಕು. ನಮ್ಮ ಎಚ್‌ಆರ್‌ಗೆ ಮೈಗ್ರೇಷನ್ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. "ಮೇಡಂ, ಹಂಗ ಯಾರೂ ಕೇಳಿಲ್ರಿ ಇಲ್ಲೀತನ" ಅಂದರು. ಯಾರೂ ಕೇಳದೇ ಇರುವುದಕ್ಕೂ ಸೌಲಭ್ಯ ಇಲ್ಲದೇ ಇರುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಕೊನೆಗೆ ಇನ್ಶೂರೆನ್ಸ್ ಕಂಪನಿಗೇ ನೇರವಾಗಿ ಮೇಲ್ ಹಾಕಿದೆ. ಗ್ರೂಪ್ ಪಾಲಿಸಿ ನಂಬರ್, ಅತ್ತೆಯ ಹೆಸರಿದ್ದ ಇ-ಕಾರ್ಡ್, ಯಾವ ತಾರೀಖಿನಿಂದ ಕವರ್ ಇತ್ತು ಅನ್ನುವ ಪತ್ರ, ಇಷ್ಟು ಬೇಕಾಯಿತು. ನಡುವೆ ನಮ್ಮ ಆಫೀಸಿನವರು ಒಮ್ಮೆ ಇನ್ಶೂರೆನ್ಸ್ ಕಂಪನಿ ಬದಲಿಸಿದ್ದರಿಂದ ಹಳೆಯ ವರ್ಷಗಳ ಕಾರ್ಡ್‌ಗಳನ್ನೂ ತೋರಿಸಬೇಕಾಯಿತು. ಅವು ನನ್ನ ಆಫೀಸ್ ಮೇಲ್‌ನಲ್ಲಿದ್ದವು. ಕೆಲಸ ಬಿಟ್ಟ ಮೇಲೆ ಆ ಮೇಲ್ ತೆರೆಯುವುದಿಲ್ಲ, ಅದಕ್ಕೇ ಇವತ್ತೇ ನಿಮ್ಮ ಇ-ಕಾರ್ಡ್‌ಗಳನ್ನು ಸ್ವಂತ ಮೇಲ್‌ಗೆ ಕಳಿಸಿಕೊಳ್ಳಿ, ಕೆಲಸ ಬಿಡುವ ಯೋಚನೆ ಇಲ್ಲದಿದ್ದರೂ ಸರಿ.

ಮೈಗ್ರೇಷನ್ ಅಂದ ಮಾತ್ರಕ್ಕೆ ಕಣ್ಣು ಮುಚ್ಚಿ ಒಪ್ಪಿಕೊಳ್ಳುತ್ತಾರೆ ಅಂತಲ್ಲ. ರಕ್ತ ಪರೀಕ್ಷೆ, ಇಸಿಜಿ ಮಾಡಿಸಿದರು. ವಯಸ್ಸಿಗೆ ತಕ್ಕಂತೆ ಪ್ರೀಮಿಯಂ ಕೂಡ ಜಾಸ್ತಿಯೇ. ಆದರೂ ಹಿರಿಯರಿದ್ದ ಮನೆಗೆ ಇದರಷ್ಟು ಉಪಯೋಗದ ದಾರಿ ಬೇರೆ ಕಾಣುವುದಿಲ್ಲ. ನೋಟಿಸ್ ಇಲ್ಲದೇ ಏಕಾಏಕಿ ಕೆಲಸದಿಂದ ತೆಗೆದವರಿಗೂ ಇದೇ ದಾರಿ, ಯಾಕೆಂದರೆ ಅವರಿಗೆ ಆ 30 ದಿನ ಮುಂಚೆಯೇ ಕಳೆಯುವ ಅವಕಾಶ ಸಿಕ್ಕಿರುವುದಿಲ್ಲ.

ಇಲ್ಲೇ ಒಂದು ಮಾತು. ನಮ್ಮ ಓಣಿಯಲ್ಲಿ ಇನ್ಶೂರೆನ್ಸ್ ಮಾಡಿಸುವ ಮಾಮಾ ಒಬ್ಬರಿದ್ದಾರೆ, ಒಳ್ಳೆಯವರು, ಮದುವೆ-ಮುಂಜಿ ಎಲ್ಲದಕ್ಕೂ ಬರುವವರು. ಫಾರ್ಮ್ ತುಂಬುವಾಗ ಅವರ ಸಲಹೆ, "ಸಕ್ಕರಿ ಐತಿ ಅಂತ ಯಾಕ ಬರೀತಿ ತಂಗಿ, ಸುಮ್ನ ನೋ ಅಂತ ಟಿಕ್ ಹಾಕು, ಪ್ರೀಮಿಯಂ ಕಮ್ಮಿ ಆಗತೈತಿ." ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಅಂದರು, "ನಾ ಗುಳಗಿ ತೊಗೊಳ್ಳೂದು ಇಡೀ ಓಣಿಗೆ ಗೊತ್ತೈತಿ, ಅವರಿಗೆ ಗೊತ್ತಾಗೂದಿಲ್ಲೇನು?" ಗೊತ್ತಾಗುತ್ತದೆ. ಆಸ್ಪತ್ರೆಗೆ ಸೇರಿಸುವಾಗ ಡಾಕ್ಟರ್ ಕೇಳುವ ಮೊದಲ ಪ್ರಶ್ನೆಯೇ ಎಷ್ಟು ವರ್ಷದಿಂದ ಶುಗರ್ ಇದೆ ಅಂತ, ನೀವು ಹೇಳಿದ್ದು ಕೇಸ್ ಶೀಟ್‌ನಲ್ಲಿ ಬರುತ್ತದೆ, ಆ ಶೀಟ್ ಇನ್ಶೂರೆನ್ಸ್‌ನವರ ಕೈಗೆ ಹೋಗುತ್ತದೆ, ಅಲ್ಲಿಗೆ ಕ್ಲೇಮ್ ಹೋಯಿತು, ಕೆಲವೊಮ್ಮೆ ಪಾಲಿಸಿಯೇ ಹೋಯಿತು. 60 ತಿಂಗಳು ಸತತವಾಗಿ ಪಾಲಿಸಿ ನಡೆದ ಮೇಲೆ, ಮೋಸ ಅಂತ ಸಾಬೀತು ಮಾಡದ ಹೊರತು, ಮುಚ್ಚಿಟ್ಟಿದ್ದೀರಿ ಅನ್ನುವ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ ಅನ್ನುವ ನಿಯಮ ಇದೆ. ಆದರೆ ಐದು ವರ್ಷ ಕಾಯಿಲೆ ಸುಮ್ಮನಿರಬೇಕಲ್ಲ.

ಈಗ ಹುಬ್ಬಳ್ಳಿ-ಧಾರವಾಡದವರು ವಿಶೇಷವಾಗಿ ನೋಡಬೇಕಾದ್ದು. ಕೆಲವು ಕಂಪನಿಗಳು ಊರಿನ ಮೇಲೆ ಪ್ರೀಮಿಯಂ ಇಡುತ್ತವೆ. ಮುಂಬೈ, ದೆಹಲಿ, ಬೆಂಗಳೂರಿನಂಥ ದೊಡ್ಡ ಊರಿಗೆ ಒಂದು ದರ, ನಮ್ಮಂಥ ಊರಿಗೆ ಕಮ್ಮಿ ದರ. ಖುಷಿಯಾಗುತ್ತದೆ. ಆದರೆ ಅಂಥ ಕೆಲವು ಪಾಲಿಸಿಗಳಲ್ಲಿ, ಕಮ್ಮಿ ದರದ ಊರಿನವರು ದೊಡ್ಡ ಊರಿಗೆ ಹೋಗಿ ಚಿಕಿತ್ಸೆ ಪಡೆದರೆ ಬಿಲ್ಲಿನಲ್ಲಿ ಒಂದು ಪಾಲು ನಾವೇ ಕಟ್ಟಬೇಕು ಅಂತ ಷರತ್ತು ಇರುತ್ತದೆ. ನಮ್ಮ ಕಡೆ ಜ್ವರ, ಹೆರಿಗೆ, ಹರ್ನಿಯಾ ಇವಕ್ಕೆಲ್ಲ ಊರಲ್ಲೇ ತೋರಿಸುತ್ತೇವೆ, ಹೆಚ್ಚೆಂದರೆ ಸತ್ತೂರಿನ ಎಸ್‌ಡಿಎಂ, ಇಲ್ಲಾ ಬೆಳಗಾವಿಯ ಕೆಎಲ್‌ಇ. ಕ್ಯಾನ್ಸರ್, ಹೃದಯ, ಲಿವರ್ ಅಂತ ಬಂದರೆ ಎಷ್ಟು ಮನೆಯವರು ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ ನೋಡಿ. ದೊಡ್ಡ ಬಿಲ್ ಆಗುವುದು ಅಲ್ಲೇ, ಪಾಲು ಕಟ್ಟಬೇಕಾದ್ದೂ ಅಲ್ಲೇ. ನಾನು ಆ ಷರತ್ತು ಇಲ್ಲದ್ದನ್ನು ಆರಿಸಿದೆ, ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ ಅಂತ.

ನೆಟ್‌ವರ್ಕ್ ಆಸ್ಪತ್ರೆಗಳ ಪಟ್ಟಿಯನ್ನು ಕಂಪನಿ ವೆಬ್‌ಸೈಟ್‌ನಲ್ಲಿ ಮಾತ್ರ ನೋಡಬೇಡಿ. ನೀವು ನಿಜವಾಗಿ ಹೋಗುವ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರ್‌ಗೆ ಹೋಗಿ ಕೇಳಿ, ಈ ಕಂಪನಿಯ ಕ್ಯಾಶ್‌ಲೆಸ್, ಅಂದರೆ ಬಿಲ್ಲನ್ನು ಅವರೇ ನೇರವಾಗಿ ಆಸ್ಪತ್ರೆಗೆ ಕಟ್ಟುವುದು, ಈಗ ನಡೆಯುತ್ತಿದೆಯಾ ಅಂತ. ಅಲ್ಲಿ ಕೂತಿರುವ ಹುಡುಗ-ಹುಡುಗಿಯರಿಗೆ ಯಾವ ಕಂಪನಿ ಎಷ್ಟು ಸತಾಯಿಸುತ್ತದೆ ಅಂತ ಬಾಯಿಪಾಠ. ನಿಯಮದ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ 1 ಗಂಟೆಯೊಳಗೆ, ಡಿಸ್ಚಾರ್ಜ್ ಒಪ್ಪಿಗೆಗೆ 3 ಗಂಟೆಯೊಳಗೆ ಉತ್ತರ ಕೊಡಬೇಕು. ಐಆರ್‌ಡಿಎಐನ 2024ರ ಮೇ ತಿಂಗಳ ಸುತ್ತೋಲೆಯಲ್ಲಿ ಹೀಗಿದೆ. ಅದನ್ನು ಯಾರು ಪಾಲಿಸುತ್ತಾರೆ, ಯಾರು ಇಲ್ಲ ಅಂತ ತಿಳಿಯಲು ಆ ಕೌಂಟರ್‌ಗಿಂತ ಒಳ್ಳೆಯ ಜಾಗ ಇಲ್ಲ.

ರೂಮ್ ಬಾಡಿಗೆಯ ಮಿತಿ. ಇದು ಸಣ್ಣ ವಿಷಯ ಅಂತ ಕಾಣುತ್ತದೆ, ಅಲ್ಲ. ಪಾಲಿಸಿ 5 ಲಕ್ಷದ್ದು, ರೂಮಿಗೆ ದಿನಕ್ಕೆ ಶೇ. 1, ಅಂದರೆ 5,000 ರೂಪಾಯಿ ಮಿತಿ ಅಂತಿಟ್ಟುಕೊಳ್ಳಿ. ನೀವು 8,000ದ ರೂಮ್ ತೆಗೆದುಕೊಂಡಿರಿ. ಜಾಸ್ತಿಯಾದ 3,000 ಮಾತ್ರ ಕೈಯಿಂದ ಹೋಗುತ್ತದೆ ಅಂತ ಅಂದುಕೊಳ್ಳುತ್ತೇವೆ. ಹಾಗಲ್ಲ. ಡಾಕ್ಟರ್ ಫೀ, ಆಪರೇಷನ್ ಥಿಯೇಟರ್, ನರ್ಸಿಂಗ್, ಇವನ್ನೂ ಅದೇ ಅನುಪಾತದಲ್ಲಿ, ಎಂಟರಲ್ಲಿ ಐದು ಪಾಲು ಮಾತ್ರ ಕೊಡುತ್ತಾರೆ. ಅವೆಲ್ಲಾ ಸೇರಿ 1.6 ಲಕ್ಷ ಆಗಿದ್ದರೆ ನಿಮಗೆ ಸಿಗುವುದು 1 ಲಕ್ಷ. ಔಷಧಿ, ಇಂಪ್ಲಾಂಟ್, ಟೆಸ್ಟ್‌ಗಳಿಗೆ ಈ ಕಡಿತ ಹಾಕುವಂತಿಲ್ಲ ಅನ್ನುವುದೊಂದೇ ಸಮಾಧಾನ. ರೂಮ್ ಮಿತಿ ಇಲ್ಲದ್ದು, ಇಲ್ಲವೇ ಸಿಂಗಲ್ ಪ್ರೈವೇಟ್ ರೂಮ್ ಅಂತ ಬರೆದಿರುವುದು ಸಿಕ್ಕರೆ ಅದನ್ನೇ ಹಿಡಿಯಿರಿ.

ದುಡ್ಡು ತೀರಾ ಬಿಗಿ ಇದ್ದರೆ ಆರೋಗ್ಯ ಸಂಜೀವನಿ ಅನ್ನುವ ಪಾಲಿಸಿ ಇದೆ. 2020ರಿಂದ ಬಂದಿದ್ದು, ಷರತ್ತುಗಳು ಯಾವ ಕಂಪನಿಯಲ್ಲಾದರೂ ಒಂದೇ, ದರ ಮಾತ್ರ ಬೇರೆ ಬೇರೆ. ರೂಮಿಗೆ ಕವರ್ ಮೊತ್ತದ ಶೇ. 2, ಹೆಚ್ಚೆಂದರೆ 5,000 ರೂಪಾಯಿ. ಪ್ರತಿ ಕ್ಲೇಮ್‌ನಲ್ಲಿ ಶೇ. 5 ನಮ್ಮದು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಇದು ಸಾಲದು, ಆದರೆ ಹಾವೇರಿ, ಗದಗಿನ ನರ್ಸಿಂಗ್ ಹೋಮ್‌ಗಳಿಗೆ ಸಾಕು.

ನಾನು ಕೊನೆಗೆ ಮಾಡಿದ್ದು ಇಷ್ಟು. ನಮ್ಮ ಮೂವರಿಗೆ ಒಂದು ಫ್ಯಾಮಿಲಿ ಫ್ಲೋಟರ್, ಅಂದರೆ ಒಂದೇ ಕವರ್ ಮೊತ್ತವನ್ನು ಎಲ್ಲರೂ ಹಂಚಿಕೊಳ್ಳುವ ಪಾಲಿಸಿ, ನೋಟಿಸ್ ಪೀರಿಯಡ್ ಶುರುವಾದಾಗಲೇ. ಅತ್ತೆ, ಮಾವ ಇಬ್ಬರಿಗೂ ಬೇರೆಯದು, ಮೈಗ್ರೇಷನ್ ಮೂಲಕ. ಎಲ್ಲರನ್ನೂ ಒಂದೇ ಫ್ಲೋಟರ್‌ಗೆ ಹಾಕಿದರೆ ಮನೆಯಲ್ಲಿ ಎಲ್ಲರಿಗಿಂತ ದೊಡ್ಡವರ ವಯಸ್ಸಿನ ಮೇಲೆ ಪ್ರೀಮಿಯಂ ಏರುತ್ತದೆ, ಜೊತೆಗೆ ಹಿರಿಯರ ಒಂದು ಆಪರೇಷನ್‌ಗೇ ಎಲ್ಲರ ಪಾಲಿನ ಕವರ್ ಖರ್ಚಾಗಿಬಿಡಬಹುದು. ಫ್ಲೋಟರ್ 5 ಲಕ್ಷದ್ದು, ಅದರ ಮೇಲೆ ಒಂದು ಸೂಪರ್ ಟಾಪ್-ಅಪ್. ವರ್ಷದಲ್ಲಿ ಆಸ್ಪತ್ರೆ ಖರ್ಚು ಒಟ್ಟು 5 ಲಕ್ಷ ದಾಟಿದ ಮೇಲೆ ಅದು ಶುರುವಾಗುತ್ತದೆ. ಮೊದಲ 5 ಲಕ್ಷ ಯಾರು ಕಟ್ಟಿದರು ಅನ್ನುವುದು ಅದಕ್ಕೆ ಬೇಕಾಗಿಲ್ಲ, ಹೊಸ ಕಂಪನಿಯ ಪಾಲಿಸಿಯಾದರೂ ಸರಿ. ಒಂದೇ ದೊಡ್ಡ ಪಾಲಿಸಿ ತೆಗೆದುಕೊಳ್ಳುವುದಕ್ಕಿಂತ ಇದು ನನಗೆ ಅಗ್ಗವಾಯಿತು.

ಕಂತಿನಲ್ಲಿ ಕಟ್ಟುವ ಅವಕಾಶವೂ ಇತ್ತು. ಸಂಬಳ ಇಲ್ಲದಾಗ ತಿಂಗಳಿಗೆ ಇಷ್ಟು ಅಂದರೆ ಸುಲಭ ಅನಿಸುತ್ತದೆ. ನಾನು ವರ್ಷದ್ದು ಒಮ್ಮೆಗೇ ಕಟ್ಟಿದೆ. ತಿಂಗಳ ಕಂತಿಗೆ ಸಿಗುವ ಗ್ರೇಸ್, ಅಂದರೆ ತಾರೀಖು ದಾಟಿದ ಮೇಲೂ ಕಟ್ಟಲು ಬಿಡುವ ಸಮಯ, 15 ದಿನ ಮಾತ್ರ, ವರ್ಷದ್ದಕ್ಕಾದರೆ 30 ದಿನ. ಕೆಲಸ ಇಲ್ಲದ ತಿಂಗಳುಗಳಲ್ಲೇ ಖಾತೆಯಲ್ಲಿ ದುಡ್ಡಿಲ್ಲದೇ ಆಟೋ-ಡೆಬಿಟ್ ತಪ್ಪುವುದು ಅಲ್ವಾ. ತಪ್ಪಿ ಪಾಲಿಸಿ ನಿಂತರೆ ಕಾಯುವ ಅವಧಿ ಮತ್ತೆ ಮೊದಲಿನಿಂದ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಇದ್ದ ಶೇ. 18ರ ಜಿಎಸ್‌ಟಿ ತೆಗೆದುಹಾಕಿದ್ದಾರೆ, ಅದೊಂದು ಅನುಕೂಲ.

ಇನ್ನೊಂದು. ಆರೋಗ್ಯ ವಿಮೆ ಮಾಡಿಸುವಾಗ ನನಗೆ ಸಂಬಳದ ಚೀಟಿ ಯಾರೂ ಕೇಳಲಿಲ್ಲ. ಟರ್ಮ್ ಇನ್ಶೂರೆನ್ಸ್ ಅನ್ನುವ ಜೀವ ವಿಮೆಗೆ ಮಾತ್ರ ಆದಾಯದ ದಾಖಲೆ ಬೇಕು, ಅದು ಬಾಕಿ ಇದ್ದವರು ಕೆಲಸದಲ್ಲಿ ಇರುವಾಗಲೇ ಮುಗಿಸಿಕೊಳ್ಳಿ.

ಎಲ್ಲರಿಗೂ ಖಾಸಗಿ ಪಾಲಿಸಿಯೇ ಬೇಕು ಅಂತಲೂ ಇಲ್ಲ. ಗೋಕುಲ ರೋಡ್, ತಾರಿಹಾಳ ಕಡೆ ಕಾರ್ಖಾನೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳಕ್ಕೆ ದುಡಿಯುವವರಿಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇರುತ್ತದೆ. ಅದು ಕೆಲಸ ಬಿಟ್ಟ ದಿನವೇ ಮುಗಿಯುವಂಥದ್ದಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈನಿಂದ ಡಿಸೆಂಬರ್, ಹೀಗೆ ಲಾಭದ ಅವಧಿ ಲೆಕ್ಕ ಹಾಕುತ್ತಾರೆ. ಬಿಟ್ಟವರು ಕಾರ್ಡ್ ಎಸೆಯುವ ಮೊದಲು ಇಎಸ್‌ಐ ಡಿಸ್ಪೆನ್ಸರಿಯಲ್ಲಿ ತಮ್ಮ ಅವಧಿ ಎಲ್ಲಿಯವರೆಗೆ ಅಂತ ಕೇಳಲಿ.

ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಚಿಕಿತ್ಸೆಯ ನಿಗದಿತ ಪ್ಯಾಕೇಜ್ ದರದಲ್ಲಿ ಶೇ. 30 ಸರ್ಕಾರ ಕೊಡುತ್ತದೆ, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಅವರು ಖಾಸಗಿಗೆ ಬರೆದುಕೊಡುತ್ತಾರೆ. ನಮ್ಮ ಕಡೆಯವರಿಗೆ ಆ ಸರ್ಕಾರಿ ಆಸ್ಪತ್ರೆ ಅಂದರೆ ಹುಬ್ಬಳ್ಳಿಯ ಕಿಮ್ಸ್. ಎಪಿಎಲ್‌ನವರು ಇದೊಂದನ್ನೇ ನಂಬಿಕೊಂಡು ಕೂರಬಾರದು.

ನನ್ನ ಅಪ್ಪ-ಅವ್ವ ಇರುವುದು ಗದಗ ತಾಲ್ಲೂಕಿನ ಹಳ್ಳಿಯಲ್ಲಿ. ಅವರದು ಯಶಸ್ವಿನಿ, ಸಹಕಾರ ಸಂಘಗಳ ಸದಸ್ಯರಿಗೆ ಇರುವ ರಾಜ್ಯ ಸರ್ಕಾರದ ಆರೋಗ್ಯ ಯೋಜನೆ. ಅಪ್ಪ ಊರಿನ ಸೊಸೈಟಿಯ ಸದಸ್ಯರು. 1905ರಲ್ಲಿ ಸಿದ್ದನಗೌಡ ಪಾಟೀಲರು ಪಕ್ಕದ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡು ಇದು, ಸೊಸೈಟಿ ಸದಸ್ಯರಲ್ಲದ ರೈತರ ಮನೆ ನಮ್ಮ ಕಡೆ ಕಮ್ಮಿ. ಯಶಸ್ವಿನಿ 2018ರಲ್ಲಿ ನಿಂತುಹೋಗಿತ್ತು, 2022ರಲ್ಲಿ ಮತ್ತೆ ಶುರುವಾಯಿತು. ಆಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದವರಿಗೆ 1,000 ಅಂತ ಇಟ್ಟರು, ಮಿತಿ 5 ಲಕ್ಷ. ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಮಾತ್ರ. ಹೆಸರು ನೋಂದಾಯಿಸಲು ವರ್ಷದಲ್ಲಿ ಕೆಲವೇ ತಿಂಗಳು ಬಾಗಿಲು ತೆರೆದಿರುತ್ತದೆ, ಹಾಗಾಗಿ ಕೆಲಸ ಹೋದ ಮೇಲೆ ನೆನಪಾದರೆ ಉಪಯೋಗ ಇಲ್ಲ. ಊರಿಗೆ ಹೋದಾಗ ಸೊಸೈಟಿ ಸೆಕ್ರೆಟರಿಯನ್ನು ಒಮ್ಮೆ ಮಾತಾಡಿಸಿ ಬನ್ನಿ.

ಗರ್ಭಿಣಿಯರಿಗೆ ಒಂದೇ ಮಾತು. ಹೊಸ ವೈಯಕ್ತಿಕ ಪಾಲಿಸಿ ಈ ಹೆರಿಗೆಗೆ ಬರುವುದಿಲ್ಲ, ಅಲ್ಲಿ ಹೆರಿಗೆಗೇ ಬೇರೆ ಕಾಯುವ ಅವಧಿ ಇರುತ್ತದೆ. ಗಂಡನ ಕಂಪನಿ ಪಾಲಿಸಿಯಲ್ಲಿ ಸೇರಿಸಲು ಆಗುತ್ತದಾ ನೋಡಿ, ಇಲ್ಲವಾದರೆ ಕೆಲಸ ಬಿಡುವ ತಾರೀಖನ್ನೇ ಮತ್ತೊಮ್ಮೆ ಯೋಚಿಸಿ.

ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಫ್ರೀ ಲುಕ್ ಇರುತ್ತದೆ, ಇಷ್ಟವಾಗದಿದ್ದರೆ ವಾಪಸ್ ಮಾಡಬಹುದು, ತಪಾಸಣೆ ಖರ್ಚು ಮುಂತಾದ್ದು ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ನಾನು ಆ ಸಮಯದಲ್ಲಿ ಪೂರ್ತಿ ಓದಿದೆ. ಅತ್ತೆಯ ಪಾಲಿಸಿಯ ಷೆಡ್ಯೂಲ್‌ನಲ್ಲಿ ಹಿಂದಿನ ವರ್ಷಗಳ ಲೆಕ್ಕ ಮುದ್ರಿಸಿಯೇ ಇರಲಿಲ್ಲ. ಫೋನ್‌ನಲ್ಲಿ ಕೇಳಿದರೆ "ಸಿಸ್ಟಂನಲ್ಲಿ ಇದೆ ಮೇಡಂ" ಅಂದರು. ಸಿಸ್ಟಂನಲ್ಲಿ ಇದ್ದರೆ ಕಾಗದದಲ್ಲೂ ಬರಲಿ ಅಂತ ಮೇಲ್ ಹಾಕಿ, ಉತ್ತರ ಬರದಿದ್ದಾಗ ಅವರ ದೂರು ವಿಭಾಗಕ್ಕೂ ಕಳಿಸಿದೆ. ಅದಕ್ಕೂ ಜಗ್ಗದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್, ಆಮೇಲೆ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಅಂತ ಇಟ್ಟುಕೊಂಡಿದ್ದೆ. ಅಷ್ಟು ದೂರ ಹೋಗಬೇಕಾಗಲಿಲ್ಲ, ತಿದ್ದಿದ ಷೆಡ್ಯೂಲ್ ಬಂತು.

ಹೊಸ ಕಂಪನಿ ಸೇರಿದಾಗ ಮತ್ತೆ ಅದೇ ಫಾರ್ಮ್ ಬಂತು, ಅಪ್ಪ-ಅವ್ವನಾ, ಅತ್ತೆ-ಮಾವನಾ ಅಂತ. ಈ ಸಲ ಅಪ್ಪ-ಅವ್ವನ ಹೆಸರು ಬರೆದೆ. ಅತ್ತೆಯೇ ಹಾಗೆ ಹೇಳಿದ್ದು, "ನಮ್ದು ಹೆಂಗೂ ಆಗೇತಿ, ಅವರ ಹೆಸರು ಹಾಕು." ಯಶಸ್ವಿನಿಯ ಪಟ್ಟಿಯಲ್ಲಿ ಇಲ್ಲದ್ದಕ್ಕೆ ಅವರಿಗೆ ಇದು ಬರುತ್ತದೆ. ನಮ್ಮ ಫ್ಲೋಟರ್ ನಿಲ್ಲಿಸಲಿಲ್ಲ, ರಿನ್ಯೂವಲ್ ತಾರೀಖನ್ನು ನಮ್ಮೆಜಮಾನ್ರ ಅಂಗಡಿಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಸಿದ್ದೇನೆ, ಯಾಕೆಂದರೆ ನನ್ನ ಫೋನಿನ ರಿಮೈಂಡರ್‌ಗಿಂತ ಅದನ್ನೇ ಮನೆಯಲ್ಲಿ ಜಾಸ್ತಿ ನೋಡುವುದು.